ವಸುಧಾಗೆ ಕೊಟ್ಟ ಕೋಡುಬಳೆ

ವಸುಧಾ ಯಾರ ಮನೆಯ ಊಟಕ್ಕೆ ಹೋದರೂ ಮೊದಲು ನೋಡುತ್ತಿದ್ದದ್ದು ಸೌಟುಗಳನ್ನು. ಗೋಧಿ ಪಾಯಸ ಬಡಿಸಿದ ಸೌಟನ್ನೇ ಅನ್ನಕ್ಕೂ ಹಾಕಿದ್ದಾರೋ, ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳವನ್ನೂ ಕರಿದಿದ್ದಾರೋ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಅನುಮಾನ ಬಂದರೆ ನಗುತ್ತಲೇ ಬ್ಯಾಗಿನಿಂದ ತಮ್ಮ ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ ರೀ. ನನ್ನ ಹೊಟ್ಟೆಗೆ ದಾಕ್ಷಿಣ್ಯ ಗೊತ್ತಿಲ್ಲ. ಯಾರ ಮನೆ ಅಂತ ನೋಡಲ್ಲ ಅದು."

ಈ ಪರದೇಶದ ಸೆಂಗ್‌ಕಾಂಗ್ ಬಡಾವಣೆಯಲ್ಲಿ ನಾವಿಬ್ಬರೂ ಒಂದೇ ಬ್ಲಾಕಿನವರು. ನಾನು ಒಂಬತ್ತನೇ ಮಹಡಿ, ಅವರು ಹನ್ನೊಂದನೇ ಮಹಡಿ. ಮೈಸೂರಿನಲ್ಲಿದ್ದಾಗ ವರ್ಷಗಟ್ಟಲೆ ಅವರಿಗೆ ಭೇದಿ, ಸುಸ್ತು, ರಕ್ತಹೀನತೆ. ಎಲ್ಲರೂ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟವರೇ. ಇಲ್ಲಿಗೆ ಬಂದ ಮೇಲೆ ಒಬ್ಬ ಡಾಕ್ಟರು ಎಂಡೋಸ್ಕೋಪಿ ಮಾಡಿ, ಗೋಧಿ ಇವರ ಕರುಳಿಗೆ ವಿಷ ಎಂದು ಹೇಳಿದರಂತೆ. ಚಪಾತಿ, ರವೆ, ಮೈದಾ ಬಿಟ್ಟರೆ ಮುಗಿಯುವುದಿಲ್ಲ. ಇಂಗಿನ ಪುಡಿಯಲ್ಲಿ ಮೈದಾ, ಸೋಯಾ ಸಾಸ್‌ನಲ್ಲಿ ಗೋಧಿ. ಬಗೆಬಗೆಯ ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರ್‌ಗೆ ಎಲ್ಲರೂ ಸೇರಿ ಹೋದರೆ ಅವರ ಮುಂದೆ ಹೆಚ್ಚಿದ ಪಪ್ಪಾಯಿ ಒಂದೇ. ಸೂಪರ್‌ಮಾರ್ಕೆಟಿನಲ್ಲಿ ಒಂದೊಂದೇ ಪೊಟ್ಟಣ ಎತ್ತಿ ಹಿಂದಿನ ಸಣ್ಣ ಅಕ್ಷರ ಓದುತ್ತಾ ನಿಲ್ಲುವ ಇವರನ್ನು ಅಂಗಡಿಯವರೇ ಎಂದುಕೊಂಡು ಒಂದು ದಿನ ಒಬ್ಬ ಚೀನೀ ಅಂಕಲ್ ಏನನ್ನೋ ಕೇಳಿದರು. ವಸುಧಾ ಇಲ್ಲಿಯವರ ಧಾಟಿಯಲ್ಲೇ ಗಂಭೀರವಾಗಿ, "ಥರ್ಡ್ ರ್‍ಯಾಕ್ ಲಾ, ಅಂಕಲ್" ಎಂದರು. ಜೊತೆಗಿದ್ದ ನನ್ನ ಮಗಳು ಮನೆಗೆ ಬರುವವರೆಗೂ ನಗುತ್ತಲೇ ಇದ್ದಳು.

ಒಮ್ಮೆ ನಾನು ಬಾತ್‌ರೂಮಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. ಗಂಡ ಊರಲ್ಲಿರಲಿಲ್ಲ. ಮಗಳಿಗೆ ಸ್ಕೂಲಿಗೆ ಚಪಾತಿಯೇ ಆಗಬೇಕು. ವಸುಧಾ ಮಾಸ್ಕ್ ಹಾಕಿ, ಗ್ಲೌಸ್ ತೊಟ್ಟು ನಮ್ಮ ಅಡುಗೆಮನೆಯಲ್ಲಿ ನಿಂತು ಹದಿನೈದು ದಿನ ಚಪಾತಿ ಒತ್ತಿದರು. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. "ಬೇಡ ರೀ" ಎಂದರೆ, "ಒತ್ತೋಕೇನು, ತಿನ್ನೋಕೆ ತಾನೇ ಆಗದೇ ಇರೋದು" ಎನ್ನುತ್ತಿದ್ದರು.

ಇಷ್ಟನ್ನೂ ಕಣ್ಣಾರೆ ನೋಡಿದ ನಾನು ಮನಸ್ಸಿನೊಳಗೆ ಏನು ಅಂದುಕೊಂಡಿದ್ದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಮುಕ್ಕಾಲು ಪಾಲು ಭ್ರಮೆ ಅಂದುಕೊಂಡಿದ್ದೆ. ನಮ್ಮಜ್ಜಿ ಕಾಲದಲ್ಲಿ ಇದೆಲ್ಲ ಇತ್ತಾ? ಅಲ್ಲದೆ ನನ್ನ ಅಡುಗೆಯನ್ನು ಊರೆಲ್ಲ ಹೊಗಳಿದರೂ ಈ ಒಬ್ಬರು ನಾಲ್ಕು ವರ್ಷದಿಂದ ನನ್ನ ಕೈಯ ತಿಂಡಿ ಮುಟ್ಟಿರಲಿಲ್ಲ. ಅದೂ ಒಳಗೆ ಚುಚ್ಚುತ್ತಿತ್ತು.

ದೀಪಾವಳಿಗೆ ಎರಡು ದಿನ ಇತ್ತು. ಕೋಡುಬಳೆ ಕರಿಯುತ್ತಿದ್ದೆ. ಪಾತ್ರೆಯೊಂದನ್ನು ವಾಪಸು ಕೊಡಲು ಬಂದ ವಸುಧಾ ವಾಸನೆಗೆ ಅಲ್ಲೇ ನಿಂತುಬಿಟ್ಟರು.

"ಪೂರ್ತಿ ಅಕ್ಕಿ ಹಿಟ್ಟಾ ಸುಮಾ?"

"ಹೂಂ, ಪೂರ್ತಿ ಅಕ್ಕಿ ಹಿಟ್ಟೇ. ಎಣ್ಣೇನೂ ಹೊಸದು," ಎಂದೆ.

ಗರಿಗರಿಯಾಗಲಿ ಎಂದು ಎರಡು ಹಿಡಿ ಮೈದಾ, ಒಂದಿಷ್ಟು ಚಿರೋಟಿ ರವೆ ಹಾಕಿದ್ದೆ. ಮರೆತು ಆಡಿದ ಮಾತಲ್ಲ ಅದು. ತಿನ್ನಲಿ, ಏನೂ ಆಗುವುದಿಲ್ಲ, ನಾಳೆ ನಗುತ್ತಾ ನಿಜ ಹೇಳಿದರಾಯಿತು ಎಂದುಕೊಂಡಿದ್ದೆ. ಅವರು ಒಲೆಯ ಪಕ್ಕದಲ್ಲಿ ನಿಂತೇ, ಪುಡಿಯೂ ಬೀಳದ ಹಾಗೆ ಗಲ್ಲದ ಕೆಳಗೆ ಅಂಗೈ ಹಿಡಿದು ಮೂರು ತಿಂದರು. "ಕೋಡುಬಳೆ ತಿಂದು ಒಂಬತ್ತು ವರ್ಷ ಆಗಿತ್ತು ರೀ" ಎಂದರು. ಕಣ್ಣಲ್ಲಿ ನೀರಿತ್ತು. ನಾನು ಇನ್ನೂ ಐದು ಕಟ್ಟಿಕೊಟ್ಟೆ.

ಮರುದಿನ ಮಧ್ಯಾಹ್ನ ಅವರ ಗಂಡನ ಮೆಸೇಜ್ ಬಂತು, ಬೆಳಗಿನಿಂದ ವಾಂತಿ ನಿಂತಿಲ್ಲ ಎಂದು. ಓಡಿದೆ. ವಸುಧಾ ಬಾತ್‌ರೂಮಿನ ಬಾಗಿಲ ಬಳಿ ನೆಲದ ಮೇಲೇ ಮಲಗಿದ್ದರು. ಹಾಸಿಗೆವರೆಗೆ ನಡೆಯುವಷ್ಟೂ ತ್ರಾಣವಿರಲಿಲ್ಲ. ಸರಿಯಾಗಿ ಎದ್ದು ಕೂರಲು ಹತ್ತು ದಿನ ಹಿಡಿಯಿತು. ನಾನು ದಿನವೂ ಗಂಜಿ ಕಾಯಿಸಿ ಒಯ್ಯುತ್ತಿದ್ದೆ. ಅವರು ಆ ವಾರ ತಿಂದಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಒಂದೊಂದಾಗಿ ಹೊಡೆದುಹಾಕುತ್ತಿದ್ದರು. "ನಿಮ್ಮ ಕೋಡುಬಳೆ ಅಲ್ಲ ಬಿಡಿ, ನಾನು ಕೇಳಿಯೇ ತಿಂದಿದ್ದು" ಎಂದು ಅದರ ಮೇಲೂ ಗೆರೆ ಎಳೆದರು. ಕೊನೆಗೆ ಉಳಿದದ್ದು ಮೈಸೂರಿನಿಂದ ಅವರ ಅಮ್ಮ ಕಳಿಸಿದ್ದ ಸಾರಿನ ಪುಡಿ.

ನನ್ನೆದುರೇ ಫೋನ್ ಮಾಡಿದರು. ಸ್ಪೀಕರಿನಲ್ಲಿ ಆ ಅಮ್ಮನ ದನಿ ನಡುಗುತ್ತಿತ್ತು.

"ಮಿಲ್ಲಿಗೆ ಹಾಕ್ಸಿಲ್ಲ ಕಣೇ, ಮನೇಲೇ ಮಾಡಿದ್ದು. ಮಿಕ್ಸೀಲಿ ಏನಾದ್ರೂ ಅಂಟ್ಕೊಂಡಿತ್ತೇನೋ... ನನ್ನ ಕೈಯಾರೆ ನಿಂಗೆ ಹೀಗಾಯ್ತಲ್ಲೇ. ಇನ್ಮೇಲೆ ಏನೂ ಕಳ್ಸಲ್ಲ, ಬಿಡು."

ಫೋನ್ ಇಟ್ಟು ವಸುಧಾ ನನ್ನ ಕಡೆ ತಿರುಗಿದರು. "ಆ ಡಬ್ಬಿ ಚೆಲ್ಲಿಬಿಡಿ ಸುಮಾ. ನನ್ನ ಕೈಲಿ ಆಗಲ್ಲ." ಲಿಫ್ಟಿನ ಪಕ್ಕದ ಕಸದ ಕಿಂಡಿಗೆ ನಾನೇ ಸುರಿದೆ. ಹುರಿದ ಧನಿಯ, ಮೆಣಸಿನ ಘಮ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ಆರು ತಿಂಗಳು ಕಳೆದವು. ಅಮ್ಮ ಆಮೇಲೆ ಒಂದು ಉಪ್ಪಿನಕಾಯಿಯನ್ನೂ ಕಳಿಸಲಿಲ್ಲ.

ಅವರು ಊರಿನ ಇನ್ನೊಂದು ಕೊನೆಯ ಬುಕಿತ್ ಪಂಜಾಂಗ್‌ಗೆ ಶಿಫ್ಟ್ ಆಗುವ ದಿನ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಹೇಳಿದೆ. ವಸುಧಾ ನನ್ನ ಮುಖವನ್ನೇ ನೋಡಿದರು.

"ಎಷ್ಟು ಹಾಕಿದ್ರಿ?"

"ಎರಡು ಹಿಡಿ ಮೈದಾ. ಚಿರೋಟಿ ರವೆ ಬೇರೆ."

"ಮರೆತು ಹೇಳಿದ್ರಾ?"

"ಇಲ್ಲ. ಗೊತ್ತಿದ್ದೇ ಹೇಳಿದೆ."

ಬೈಯುತ್ತಾರೆಂದು ಕಾದೆ. ಅವರು ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತು ಫೋನ್ ತೆಗೆದರು. "ಅಮ್ಮಾ, ನಿನ್ನ ಪುಡೀದಲ್ಲ ತಪ್ಪು. ನಿನ್ನ ಕೈಯಿಂದ ಏನೂ ಆಗಿಲ್ಲಮ್ಮಾ... ಇಲ್ಲ, ಬೇರೆ ಕಡೆ ತಿಂದಿದ್ದೆ, ಈಗ ಗೊತ್ತಾಯ್ತು." ಆ ಕಡೆಯಿಂದ ಅಳುವ ಸದ್ದು ನನಗೂ ಕೇಳಿಸಿತು. ನನ್ನ ಹೆಸರನ್ನು ಅವರು ಹೇಳಲಿಲ್ಲ.

ಮಾತು ಮುಗಿಸಿ ಟೇಪಿನ ಸುರುಳಿ ಎತ್ತಿಕೊಂಡರು. "ನನ್ನ ಹೊಟ್ಟೆ ನೋವು ನನಗೆ ಅಭ್ಯಾಸ ರೀ," ಎಂದರು, ನನ್ನ ಕಡೆ ನೋಡದೆ. "ಅಮ್ಮನಿಗೆ ಆರು ತಿಂಗಳು..." ಪೆಟ್ಟಿಗೆಗೆ ಟೇಪ್ ಅಂಟಿಸಿದರು.

ಆಮೇಲೆ ಎರಡು ಸಲ ಮೆಸೇಜ್ ಮಾಡಿದೆ. "ಚೆನ್ನಾಗಿದ್ದೀವಿ" ಎಂದಷ್ಟೇ ಉತ್ತರ ಬಂತು. ಬುಕಿತ್ ಪಂಜಾಂಗ್ ಬೇರೆ ದೇಶವೇನಲ್ಲ, ರೈಲಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಒಂದು ಭಾನುವಾರ ಅಲ್ಲಿಯ ಸ್ಟೇಷನ್ನಿನವರೆಗೂ ಹೋಗಿದ್ದೆ. ತಿನ್ನುವುದೇನನ್ನೂ ಒಯ್ಯುವ ಧೈರ್ಯ ಇರಲಿಲ್ಲ. ಬರಿಗೈಯಲ್ಲಿ ಹೋಗಿ ಬಾಗಿಲು ತಟ್ಟಿ ಏನು ಹೇಳಲಿ ಎಂದು ಬಹಳ ಹೊತ್ತು ಬೆಂಚಿನ ಮೇಲೆ ಕೂತು ಯೋಚಿಸಿದೆ. ಆಮೇಲೆ ವಾಪಸು ರೈಲು ಹತ್ತಿದೆ.