ಮೂವತ್ತು ಮಂದಿ ಮುಳುಗಿದರೆಂದು ಬರೆದ ಮೇಲೆ

ಬೆಳಗಾವಿ ಸ್ಟೇಷನ್ನಿನಿಂದ ಬೆಳಗಿನ ಗಾಡಿ ಹೊರಟಾಗ ಮಳೆ ಹಿಡಿದು ನಾಲ್ಕನೆಯ ದಿನ. ನಮ್ಮ ಊರಲ್ಲಿ ಆ ದೊಡ್ಡ ಅಧಿವೇಶನ ನಡೆದ ಮರುವರ್ಷದ ಆಷಾಢವದು. ಖಾನಾಪುರಕ್ಕೆ ಹದಿನಾರು ಮೈಲಿ, ಮೂರನೆಯ ದರ್ಜೆಗೆ ನಾಲ್ಕಾಣೆ ಕೊಟ್ಟಿದ್ದೆ. ಕೈಯಲ್ಲಿ ಕೊಡೆ, ಎರಡು ಭಕ್ಕರಿಯ ಗಂಟು, ಒಂದು ಪೆನ್ಸಿಲ್ಲು.

ಆಗ ನಾನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಪುಟ ತುಂಬದಿದ್ದಾಗ ಸುದ್ದಿ ಬರೆಯುವುದೂ ನನ್ನ ಪಾಲಿಗೆ ಬರುತ್ತಿತ್ತು. ಹಿಂದಿನ ವಾರ ಖಾನಾಪುರದಿಂದ ಒಂದು ಕಾರ್ಡು ಬಂದಿತ್ತು: ಮಲಪ್ರಭೆಯ ಘಾಟಿನಲ್ಲಿ ನಾವೆ ಮುಳುಗಿದೆ, ಜೀವಹಾನಿಯಾಗಿದೆ. ಅಷ್ಟೇ. “ಜೀವಹಾನಿ ಅಂದ್ರ ಎಷ್ಟು ಮಂದಿ?” ಎಂದು ಸಂಪಾದಕರು ಕೇಳಿದರು. ಗೊತ್ತಿಲ್ಲ ಎಂದೆ. “ಗೊತ್ತಿಲ್ಲ ಅಂತ ಅಚ್ಚು ಹಾಕಿದ್ರ ಯಾರು ಓದ್ತಾರ?” ಎಂದು ಅವರು ಒಳಗೆ ಹೋದರು. ಒಂದು ನಾವೆಯಲ್ಲಿ ಮೂವತ್ತು ಜನ ಹಿಡಿಸಬಹುದೆಂದುಕೊಂಡು ಮೂವತ್ತೂ ಮಂದಿಯನ್ನು ನಾನು ಮುಳುಗಿಸಿದೆ. ಅಂಬಿಗ ಕುಡಿದಿದ್ದನೆಂಬುದು ಸಾಲು ತುಂಬಿಸಲು ಹೊಳೆದ ಮಾತು. ಆ ವಾರದ ಸಂಚಿಕೆ ಮಧ್ಯಾಹ್ನದೊಳಗೆ ಮುಗಿದು ಮತ್ತೆ ಅಚ್ಚಾಯಿತು. “ಇನ್ನಷ್ಟು ತಗೊಂಡು ಬಾ” ಎಂದು ಸಂಪಾದಕರೇ ನನ್ನನ್ನು ಈ ಪ್ರವಾಸಕ್ಕೆ ಕಳಿಸಿದ್ದರು.

ಗಾಡಿಯಲ್ಲಿ ನನ್ನೆದುರು ಪೀರನವಾಡಿಯ ಗಂಗವ್ವ ಎಂಬ ಹೆಂಗಸು ಕುಳಿತಿದ್ದಳು. ಐವತ್ತರ ಮೇಲಿನ ವಯಸ್ಸು. ದೇಸೂರು ದಾಟಿದ ಮೇಲೆ ಸೆರಗಿನೊಳಗಿಂದ ಮಡಿಸಿದ ಕಾಗದ ತೆಗೆದು ನನ್ನ ಕಡೆ ಚಾಚಿದಳು. ನಮ್ಮ ಪತ್ರಿಕೆ.

“ಚಸ್ಮಾ ಹಾಕೀರಿ, ಓದಾಕ ಬರ್ತದಲ್ರಿ? ನನ್ನ ಮಗಳು ಹೊಳಿ ಆಚಿಕ ಅದಾಳ. ಸಂತಿಗೆ ಅದೇ ನಾವಿಯೊಳಗ ಹೋಗಿ ಬರ್ತಾಳ. ಏನೇನ ಬರದಾರ ಓದಿ ಹೇಳ್ರಿ.”

ನಾನು ಓದಿದೆ. ‘ಹಸಿದ ನದಿ ಬಾಯ್ದೆರೆದು’ ಎಂದಿದ್ದನ್ನು ಬಿಟ್ಟೆ. ‘ತಾಯಂದಿರ ಆಕ್ರಂದನ ಮುಗಿಲು ಮುಟ್ಟಿತು’ ಎಂಬುದನ್ನೂ ಬಿಟ್ಟೆ. ಅವಳು ಬೆರಳಿಟ್ಟು ಕಾಗದ ತಡೆದಳು.

“ಮೂವತ್ತು ಮಂದಿ ಅಂತ ಐತಂತಲ್ರಿ, ಅದನ್ನ ಯಾಕ ಓದವಲ್ರಿ?”

ಓದಿದೆ. ಅವಳು ಅಳಲಿಲ್ಲ. ಕಿಟಕಿಯ ಕಡೆ ತಿರುಗಿ, ತುಟಿ ಅಲುಗಿಸುತ್ತ, ಮಗಳ ಊರಿನಿಂದ ಸಂತೆಗೆ ಬರುವವರ ಹೆಸರುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಮಗಳನ್ನು ಬಿಟ್ಟೂ ಮೂವತ್ತು ಹೆಸರು ತುಂಬುತ್ತವೆಯೇ ಎಂದು ನೋಡುತ್ತಿದ್ದಳೆಂದು ನನಗೆ ತಡವಾಗಿ ತಿಳಿಯಿತು. ಆ ಸಂಖ್ಯೆ ನನ್ನದೆಂದು ಹೇಳಲು ಬಾಯಿ ಬರಲಿಲ್ಲ.

ಖಾನಾಪುರದಲ್ಲಿ ಇಳಿದು, ಚಹಾ ಸಹ ಕುಡಿಯದೆ, ಇಬ್ಬರೂ ಕೆಸರಿನ ಬಂಡಿದಾರಿಯಲ್ಲಿ ಎರಡು ಮೈಲಿ ನಡೆದೆವು. ಘಾಟು ಕಾಣುವ ಮೊದಲೇ ಹೊಳೆಯ ಸದ್ದು ಕೇಳಿಸಿತು. ಕೆಂಪು ನೀರು, ಅದರ ಮೇಲೆ ನೊರೆ, ಕೊಂಬೆಗಳು. ನನಗೆ ಈಜು ಬಾರದು. ದಡದಿಂದ ಹತ್ತು ಮಾರು ಹಿಂದೆಯೇ ನನ್ನ ಕಾಲು ನಿಂತವು.

ಹುಲ್ಲು ಹೊದಿಸಿದ ಚಪ್ಪರದ ಕೆಳಗೆ ಇಬ್ಬರು ಅಂಬಿಗರು ಕುಳಿತಿದ್ದರು. ಮುದುಕ ಯಲ್ಲಪ್ಪ, ಅವನಿಗಿಂತ ಕಿರಿಯ ಇಸ್ಮಾಯಿಲ್. ಪತ್ರಿಕೆ ಬಂದಂದಿನಿಂದ ಜನ ನಾವೆ ಹತ್ತುವುದನ್ನೇ ಬಿಟ್ಟಿದ್ದರು. ಗಂಗವ್ವ ಕೇಳಿದ ಪ್ರಶ್ನೆಗೆ ಇಸ್ಮಾಯಿಲ್ ಉತ್ತರ ಕೊಟ್ಟ.

“ಒಂಬತ್ತು ಮಂದಿ, ಒಂದು ಎಳೀ ಕೂಸು ಇತ್ತವ್ವಾ. ಎಂಟು ಮಂದಿ ಬದುಕಿ ಬಂದಾರ. ಕೂಸೂ ಬದುಕೈತಿ. ಬಳಿ ಮಾರೂ ಫಾತಿಮಾ ಒಬ್ಬಾಕಿ ಹೋದ್ಲು, ಕೂಸಿನ ತಾಯಿ. ನಿಮ್ಮ ಮಗಳು ಆವತ್ತು ಹತ್ತೇ ಇಲ್ಲ.”

ಗಂಗವ್ವ ನಂಬಲಿಲ್ಲ. “ಪೇಪರಿನ್ಯಾಗ ಮೂವತ್ತು ಐತಿ” ಎಂದಳು.

“ಮೂವತ್ತು ಹೆಣ ಎಲ್ಲಿಂದ ತಂದಾನ ಅವ?” ಎಂದ ಇಸ್ಮಾಯಿಲ್. “ಆ ನಾವಿ ನಡಸ್ತಿದ್ದ ಪರಸಪ್ಪ ಕುಡದಿದ್ನಂತ. ಪರಸ ವಾರಕರಿ ಮನುಷ್ಯಾ, ಕೊರಳಾಗ ತುಳಸಿಮಾಲಿ ಐತಿ, ಸೆರೆ ಮುಟ್ಟಂಗಿಲ್ಲ. ಇದನ್ನ ಓದಿ ಮಂದಿ ಅವನ ಮನಿಗೆ ಕಲ್ಲು ಹೊಡದ್ರು. ಫೌಜದಾರ್ರು ಹಿಡಕೊಂಡು ಹೋಗಿ ಕೂಡಿ ಹಾಕ್ಯಾರ.”

ಪ್ರವಾಹದ ನಡುವೆ ಬಂಡೆಗೆ ಸಿಕ್ಕಿಕೊಂಡು ಕರ್ರಗಿನ ಮೂತಿಯೊಂದು ನೀರಿನಿಂದ ಮೇಲೆ ಕಾಣುತ್ತಿತ್ತು. ಅದೇ ಮುಳುಗಿದ ನಾವೆ. ಇಬ್ಬರೂ ಅದನ್ನೇ ನೋಡುತ್ತ ಮಾತಾಡಿದರು. ನೀರಿನಡಿಯಲ್ಲಿ ಬಂದ ದಿಮ್ಮಿ ಪಕ್ಕೆಗೆ ಬಡಿದಿತ್ತು. ನಾವೆ ವಾಲಿದಾಗ ಪರಸಪ್ಪ ಗಳ ಬಿಟ್ಟು ಕೂಸನ್ನು ಹಿಡಿದ.

“ಗಳ ಬಿಡಬಾರದಾಗಿತ್ತು” ಎಂದ ಯಲ್ಲಪ್ಪ. “ಹಿಡಕೊಂಡಿದ್ರ ನಾವಿ ನೆಟ್ಟಗಾಗ್ತಿತ್ತೋ ಏನೋ.”

“ಕೂಸು ಹೋಗ್ತಿತ್ತು ಕಾಕಾ.”

“ಹೌದು, ಕೂಸು ಹೋಗ್ತಿತ್ತು.” ಮುದುಕ ನಾವೆಯ ಮೂತಿಯ ಕಡೆ ಕೈ ಮಾಡಿದ. ಆಮೇಲೆ, “ಇದನ್ನ ಬರೀಬೇಕಿತ್ತು ಅವ. ಬರದಾಂವ ಹೊಳಿ ನೋಡಿಲ್ಲ. ನೋಡಿದ್ರ ಅಷ್ಟು ಧೈರ್ಯಾ ಬರ್ತಿರ್ಲಿಲ್ಲ” ಎಂದ.

ಕಣ್ಣಾರೆ ನೋಡದೆ ಗಂಗವ್ವ ಒಪ್ಪುವಂತಿರಲಿಲ್ಲ. ಯಲ್ಲಪ್ಪ, ಇಸ್ಮಾಯಿಲ್ ನಡೆಸುವ ನಾವೆಗೆ ಅವಳೊಂದಿಗೆ ನಾನೂ ಹತ್ತಿದೆ. ಹಿಂದೆ ಸರಿದರೆ ಇಲ್ಲಿಗೆ ಯಾಕೆ ಬಂದೆ ಎಂದು ಅಂಬಿಗರು ನನ್ನ ಹೆಸರು, ಕೆಲಸ ಕೇಳುತ್ತಾರೆಂಬ ಭಯ ಹೊಳೆಯ ಭಯಕ್ಕಿಂತ ದೊಡ್ಡದಾಗಿತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಅದು ತಿರುವುಮುರುವಾಯಿತು. ನಾವೆಯ ಅಡಿ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಒಳಗೆ ನುಗ್ಗಿದ ನೀರನ್ನು ಡಬ್ಬಿಯಿಂದ ಹೊರಚೆಲ್ಲಲು ಇಸ್ಮಾಯಿಲ್ ನನಗೇ ಹೇಳಿದ. ಚೆಲ್ಲಿದೆ. ಕಣ್ಣೆತ್ತಿ ನೋಡಲಿಲ್ಲ.

ಆಚೆ ದಡದ ಗದ್ದೆಯಲ್ಲಿ ನಾಟಿ ನಡೆದಿತ್ತು. ಬಗ್ಗಿ ನಿಂತವರಲ್ಲಿ ಒಬ್ಬಳು ನೆಟ್ಟಗಾಗಿ, “ಯವ್ವಾ, ಇಂಥಾ ಮಳ್ಯಾಗ ಯಾಕ ಬಂದಿ?” ಎಂದಳು. ಗಂಗವ್ವ ಗದ್ದೆಗಿಳಿದು ಮಗಳ ಬೆನ್ನಿಗೆ ಎರಡೇಟು ಹಾಕಿದಳು. ಆಮೇಲೆ ಅಲ್ಲೇ ಕೆಸರಿನಲ್ಲಿ ಕುಸಿದು ಕುಳಿತು ಅತ್ತಳು.

ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಾವೆಯ ಹತ್ತಿರ ಬಂದು, “ಆ ಸುದ್ದಿ ಬರೆದವನು ನಾನು” ಎಂದು ಯಲ್ಲಪ್ಪನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ನೆನಪಾಯಿತು, ಮರಳಲು ಇದೊಂದೇ ನಾವೆ. ಇಸ್ಮಾಯಿಲ್ ಹುಟ್ಟು ಹಿಡಿದವನು ಹಿಡಿದಂತೆಯೇ ನಿಂತ. ಯಲ್ಲಪ್ಪ ನಾವೆಯ ಹಗ್ಗ ಬಿಚ್ಚಿದ.

“ಹತ್ರಿ” ಎಂದ.

ನಡುಹೊಳೆಗೆ ಬಂದಾಗ ಅವರು ದಾರಿ ಬಿಟ್ಟರು. ನಾವೆಯನ್ನು ಬಂಡೆಯ ಮಗ್ಗುಲಿಗೆ ತಂದು, ಇಸ್ಮಾಯಿಲ್ ಕಲ್ಲಿನ ಸಂದಿಗೆ ಗಳ ಊರಿ ತಡೆದು ನಿಲ್ಲಿಸಿದ. ಮುಳುಗಿದ ನಾವೆಯ ಮೂತಿ ಕೈಗೆಟುಕುವಷ್ಟು ಹತ್ತಿರ. ಹಲಗೆಗಳ ನಡುವೆ ನೀರು ಗಳಗಳ ಎನ್ನುತ್ತಿತ್ತು. ಇಲ್ಲೇ ನನ್ನನ್ನು ನೂಕುತ್ತಾರೆ ಎಂದುಕೊಂಡೆ. ಕೂಗಿದರೆ ಕೇಳುವವರಿಲ್ಲ. ಎರಡೂ ಕೈಯಿಂದ ಅಡ್ಡಹಲಗೆ ಹಿಡಿದೆ.

“ಚೆಂದಾಗಿ ನೋಡ್ರಿ” ಎಂದ ಯಲ್ಲಪ್ಪ. ಅವನ ದನಿ ಏರಿರಲಿಲ್ಲ. “ಇಲ್ಲೇ ಆಕಿ ಕೈ ಬಿಟ್ಟಿದ್ದು. ಒಬ್ಬಾಕಿ. ಒಬ್ಬಾಕಿ ಸತ್ರ ನಿಮ್ಮ ಪೇಪರಿಗೆ ಸಾಕಾಗಂಗಿಲ್ಲೇನು?”

ಅವನು ಉತ್ತರಕ್ಕೆ ಕಾಯಲಿಲ್ಲ. ನಾವೆ ಬಂಡೆ ಬಿಟ್ಟು ಸರಿಯಿತು.

ದಡ ಮುಟ್ಟಿದ ಮೇಲೆ, “ಫೌಜದಾರ್ರ ಮುಂದ ಇದನ್ನ ಹೇಳ್ತೀರೇನು?” ಎಂದು ಕೇಳಿದ. ನನ್ನನ್ನೂ ಕೂಡಿ ಹಾಕಿದರೆ ಏನು ಗತಿ ಎಂಬ ಅಂಜಿಕೆಯಲ್ಲೇ ಅವನ ಹಿಂದೆ ಖಾನಾಪುರದ ಠಾಣೆಗೆ ನಡೆದೆ. ಅಂಬಿಗ ಕುಡಿದಿದ್ದನೆಂದು ನನಗೆ ಯಾರೂ ಹೇಳಿರಲಿಲ್ಲ, ಸಂಖ್ಯೆಯೂ ನನ್ನ ಕಲ್ಪನೆ ಎಂದು ಬರೆದು ಸಹಿ ಮಾಡಿದೆ. ಫೌಜದಾರರು ಅದನ್ನು ಎರಡು ಸಲ ಓದಿ, “ಓದಿದವರು ನೀವು, ಹಿಂಗ ಮಾಡಬಹುದೇನ್ರಿ?” ಎಂದಷ್ಟೇ ಹೇಳಿದರು. ವಿಚಾರಣೆ ಮುಗಿದು ಪರಸಪ್ಪ ಹೊರಗೆ ಬರಲು ಮುಂದೆ ಎಂಟು ದಿನ ಹಿಡಿಯಿತು.

ಅವನನ್ನು ಸರಳುಗಳಾಚೆಯಿಂದ ನೋಡಿದೆ. ಮೂವತ್ತರ ಗಂಡಸು, ಹಣೆಯ ಮೇಲೆ ಕಲ್ಲಿನ ಗಾಯ. ನಾನಾರೆಂದು ಯಲ್ಲಪ್ಪ ತಿಳಿಸಿದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವನು ಕೇಳಿದ್ದು ಬೇರೆ.

“ಆಚಿ ದಂಡಿಗೆ ಹೋಗಿದ್ರಂತಲ್ರಿ. ಆ ಕೂಸು ಹಾಲು ಕುಡೀತದೇನ್ರಿ? ಇಲ್ಲಿ ಯಾರೂ ಹೇಳವಲ್ರು.”

ನಾನು ಹೋಗಿ ಬಂದಿದ್ದೆ. ಆ ಕೂಸಿನ ಬಗ್ಗೆ ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಕಡೆ ತಿರುಗಿದರೆ ಯಾರೂ ತಡೆಯುತ್ತಿರಲಿಲ್ಲ. ಯಲ್ಲಪ್ಪನಿಗೆ, “ಇನ್ನೊಮ್ಮೆ ದಾಟಿಸ್ತೀರೇನು?” ಎಂದೆ. ನೀರು ಮತ್ತೆ ಏರಿತ್ತು. ಬಂಡೆಯ ಬಳಿಯ ಮೂತಿ ಈಗ ಕಾಣುತ್ತಿರಲಿಲ್ಲ. ಅದು ನೀರಿನಡಿ ಎಲ್ಲಿದೆಯೆಂದು ತಿಳಿಯದೆ ದಾಟುವುದು ಬೆಳಗಿಗಿಂತ ಘೋರವಾಗಿತ್ತು. ಇಸ್ಮಾಯಿಲ್ ಮುಂದೆ ಕುಳಿತು ಗಳದಿಂದ ತಡಕುತ್ತಿದ್ದ. ನಾನು ನೀರು ಚೆಲ್ಲುತ್ತ, ಬಾಲ್ಯದಲ್ಲಿ ಕಲಿತ ಸ್ತೋತ್ರದ ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಎರಡನೆಯ ಸಾಲು ನೆನಪಿಗೆ ಬರಲೇ ಇಲ್ಲ.

ಫಾತಿಮಾಳ ತಾಯಿ ಹೊಸ್ತಿಲಲ್ಲಿ ಕುಳಿತು, ಆಡಿನ ಹಾಲಿನಲ್ಲಿ ಅರಿವೆಯ ತುದಿ ಅದ್ದಿ ಮಗುವಿನ ಬಾಯಿಗೆ ಹಿಂಡುತ್ತಿದ್ದಳು. ಹೆಣ್ಣು ಮಗು. ಮೊದಲ ಎರಡು ದಿನ ಉಗುಳುತ್ತಿತ್ತು, ಈಗ ಕುಡಿಯುತ್ತದೆ ಎಂದಳು. ಗಂಗವ್ವನ ಮಗಳ ಮನೆಯಲ್ಲಿ ಆ ರಾತ್ರಿ ಕಳೆದು, ಮಳೆ ಹೊಳವಾದ ಮೇಲೆ ಬೆಳಿಗ್ಗೆ ದಾಟಿದೆ. ಠಾಣೆಗೆ ಹೋಗಿ ಪರಸಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿದ. ನನ್ನ ಒದ್ದೆ ಧೋತರವನ್ನು ನೋಡಿ, “ಆಡಿನ ಹಾಲು ಛಲೋ” ಎಂದ. ಮತ್ತೇನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದ.

ಮುಂದಿನ ಸಂಚಿಕೆಗೆ ನಾನು ಬರೆದುಕೊಟ್ಟ ಎರಡು ಪುಟಗಳಲ್ಲಿ ನಾಲ್ಕು ಸಾಲು ಕೊನೆಯ ಪುಟದಲ್ಲಿ ಬಂದವು. ಆದರೆ ಅದು ಆಮೇಲಿನ ಮಾತು. ಅಂದು ಖಾನಾಪುರದಿಂದ ಗಾಡಿ ಹೊರಟಾಗ ನಾನು ಹೊಳೆಯ ದಿಕ್ಕಿಗೆ ತಿರುಗಿ ನೋಡಿದೆ. ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಅರಿವೆ ವ್ಯಾಪಾರಿಯೊಬ್ಬ ತನ್ನ ಜೊತೆಯವನಿಗೆ ಅತ್ತಲೇ ಕೈ ಮಾಡಿ, “ಮೂವತ್ತು ಮಂದಿ ಸತ್ತದ್ದು ಅಲ್ಲೇ ನೋಡು” ಎಂದ.

“ಒಬ್ಬಾಕಿ ಸತ್ತಾಳ್ರಿ” ಎಂದೆ. “ಫಾತಿಮಾ ಅಂತ. ಬಳಿ ಮಾರ್ತಿದ್ಲು.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ.

“ನಿಮಗೇನು ಗೊತ್ರೀ” ಎಂದ. “ಪೇಪರಿನ್ಯಾಗ ಬಂದೈತಿ.”