ಹೂವಿನ ಸಾಲಿಗೆ ಬಂದ ಕುರಿ

ನಾನು ಹಳೆಯ ಕ್ಯಾಸೆಟ್‌ಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಹಾಡಿನ ಕ್ಯಾಸೆಟ್‌ಗಳನ್ನಲ್ಲ. ಎಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿಕೊಂಡು ಬಳಸುತ್ತಿದ್ದ ಪುಟ್ಟ ಮನೆ ಕಂಪ್ಯೂಟರುಗಳಿದ್ದವಲ್ಲ, ಅವುಗಳ ಆಟಗಳು ಮಾಮೂಲಿ ಟೇಪಿನಲ್ಲೇ ಇರುತ್ತಿದ್ದವು. ಟೇಪ್ ರೆಕಾರ್ಡರಿಂದ ಒಂದು ವೈರು ಎಳೆದು ಕಂಪ್ಯೂಟರಿಗೆ ಸಿಕ್ಕಿಸಿ ಪ್ಲೇ ಒತ್ತಿದರೆ ಕಿವಿ ಕೊರೆಯುವ ಸದ್ದೊಂದು ಬರುತ್ತಿತ್ತು. ಆ ಸದ್ದೇ ಆಟ. ಅದು ಪೂರ್ತಿ ಒಳಗೆ ಹೋದ ಮೇಲೆ ಪರದೆಯ ಮೇಲೆ ಏನಾದರೂ ಓಡಾಡುತ್ತಿತ್ತು. ಅಂಗಡಿಯಲ್ಲಿ ಮಾರಾಟವಾದ ಆಟಗಳನ್ನು ಎಲ್ಲೋ ಯಾರೋ ಉಳಿಸಿಯೇ ಇರುತ್ತಾರೆ. ಅರ್ಧಕ್ಕೆ ನಿಂತವು, ಹೊರಗೆ ಬಾರದೇ ಹೋದವು ಮಾತ್ರ ಒಂದೇ ಒಂದು ಕ್ಯಾಸೆಟ್ಟಿನಲ್ಲಿದ್ದು, ಅದಕ್ಕೆ ಬೂಷ್ಟು ಹಿಡಿದಾಗ ಸತ್ತುಹೋಗುತ್ತವೆ. ನನಗೆ ಬೇಕಾದ್ದು ಅಂಥವು.

ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವುದು ನನ್ನ ಕೆಲಸ. ಭಾನುವಾರಗಳು ಈ ಹುಚ್ಚಿಗೆ. ಒಂದು ದಿನ ಹಲಸೂರಿನ ಹಳೇ ಟಿವಿ ರಿಪೇರಿಯವರೊಬ್ಬರು ಹಾಳುಮೂಳು ತೋರಿಸುತ್ತಾ, ರಸೆಲ್ ಮಾರುಕಟ್ಟೆಯ ಮೇಲೇ ಒಬ್ಬ ಹುಡುಗ ಆಟ ಬರೆದಿದ್ದ ಎಂದರು. ಕಟುಕನ ಕೈಯಿಂದ ತಪ್ಪಿಸಿಕೊಂಡ ಕುರಿ ಮಾಂಸದ ಸಾಲು ದಾಟಿ, ಹಣ್ಣಿನ ಸಾಲು ದಾಟಿ, ಹೂವಿನ ಸಾಲಿಗೆ ಹೋಗಿ ಸೇರಬೇಕು. ನಮ್ಮ ಅಬ್ಬಾ ಬದುಕಿಡೀ ಅದೇ ಮಾರುಕಟ್ಟೆಯಲ್ಲಿ ದಾಳಿಂಬೆ, ಮೋಸಂಬಿ ಮಾರಿದವರು. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಕ್ಯಾಸೆಟ್ಟು ಆ ಹುಡುಗನ ಸೋದರಮಾವನ ಹತ್ತಿರ ಇತ್ತು. ಜೋಗುಪಾಳ್ಯದಲ್ಲಿ ಅವರದೇ ಕಟ್ಟಡ, ಕೆಳಗಿನ ಮನೆಯಲ್ಲಿ ಅವರೊಬ್ಬರೇ, ಮೇಲೆಲ್ಲ ಬಾಡಿಗೆಯವರು. ಹಿಂದೆ ಹಲಸೂರಿನ ಸುತ್ತ ಜಮೀನಿದ್ದ ಮನೆತನ. ಜಮೀನು ಹೋದ ಮೇಲೆ ಇಂದಿರಾನಗರದಲ್ಲಿ ಕಂಪ್ಯೂಟರ್ ಅಂಗಡಿ ಹಾಕಿದ್ದರು. ಆಗ ಆ ರಸ್ತೆಯಲ್ಲಿ ಬರೀ ಮನೆಗಳಿದ್ದವು. ಅಕ್ಕನ ಮಗನನ್ನು ಅಂಗಡಿಯಲ್ಲಿ ನಿಲ್ಲಿಸಿಕೊಂಡಿದ್ದರು. ಗಿರಾಕಿಗಳಿಗೆ ಆಟ ಹಾಕಿ ತೋರಿಸುವುದು ಅವನ ಕೆಲಸ. ತೋರಿಸುತ್ತಾ ತೋರಿಸುತ್ತಾ ಅವನೇ ಒಂದನ್ನು ಬರೆಯಲು ಕೂತ. ಮುಗಿಯುವ ಮೊದಲೇ, ಆಟ ಆಡಲು ಹಿಡಿಯುವ ಒಂದು ಜಾಯ್‌ಸ್ಟಿಕ್ ಕದ್ದ ಎಂದು ಮಾವ ಅವನನ್ನು ಹೊರಗೆ ಹಾಕಿದರು. ಆಟ ಅಂಗಡಿಯಲ್ಲೇ ಉಳಿಯಿತು.

ಇಷ್ಟನ್ನೂ ಮಾವ ತಾವಾಗಿಯೇ ಹೇಳಿದರು, ಒಳ್ಳೆ ಊಟದ ವಿಷಯ ಹೇಳುವ ಹಾಗೆ. ಎಂಬತ್ತು ದಾಟಿದ್ದರೂ ಹಲ್ಲು ಗಟ್ಟಿ, ಕಿವಿ ಚುರುಕು. ನನ್ನನ್ನು ಟೀಚರಮ್ಮ ಎಂದು ಕರೆಯುತ್ತಿದ್ದರು. ಕ್ಯಾಸೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ನೋಡು ಎಂದು ತೋರಿಸುವರು, ನಾನು ಕೈ ಚಾಚಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುವರು. ಮುಂದಿನ ವಾರ ಬಾ, ಯೋಚನೆ ಮಾಡ್ತೀನಿ ಎನ್ನುವರು. ನಾನು ಹೋಗುತ್ತಿದ್ದೆ. ಪೇಪರಿನ ಶ್ರದ್ಧಾಂಜಲಿ ಪುಟವನ್ನು ನನ್ನಿಂದ ಓದಿಸಿ, ಸತ್ತವರಲ್ಲಿ ಗೊತ್ತಿದ್ದವರು ಸಿಕ್ಕರೆ ಅವರ ಬಗ್ಗೆ ಒಂದೊಂದು ಕೆಟ್ಟ ಮಾತು ಹೇಳಿ ನಗುತ್ತಿದ್ದರು. ಒಮ್ಮೆ ನನ್ನ ಫೋನಿನಿಂದ ಮೇಲಿನ ಮನೆಗಳಿಗೆಲ್ಲ ಫೋನು ಮಾಡಿಸಿ, ನಾಳೆಯಿಂದ ನೀರು ಬರಲ್ಲವಂತೆ ಎಂದು ಹೇಳಿಸಿದರು. ನಾನು ನಿಜವೆಂದು ನಂಬಿಯೇ ಹೇಳಿದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಬಕೆಟ್ಟುಗಳನ್ನು ಎಳೆದಾಡುವ ಸದ್ದು ಶುರುವಾಯಿತು. ಮುದುಕರು ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಾ ಮಲಗಿದ್ದರು. ನೀರು ನಿಲ್ಲುವುದೇನೂ ಇರಲಿಲ್ಲ.

ಕೊನೆಗೊಂದು ದಿನ ಷರತ್ತು ಹೇಳಿದರು. "ಅವನೇ ಬಂದು ಕೇಳ್ಲಿ. ನನ್ನ ಮುಂದೆ ಕೂತು ಆಡ್ಲಿ. ಆಮೇಲೆ ನಿಂಗೆ ಕೊಟ್ಬಿಡ್ತೀನಿ."

ಆ ಸೋದರಳಿಯನನ್ನು ಹುಡುಕುವುದು ಕಷ್ಟವಾಗಲಿಲ್ಲ. ಟಿನ್ ಫ್ಯಾಕ್ಟರಿಯ ಹತ್ತಿರ ಅಂಗಡಿಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕಿಕೊಡುವ ಕೆಲಸ ಮಾಡುತ್ತಿದ್ದರು. ಹುಡುಗ ಎಂದು ಕೇಳಿ ಕೇಳಿ ಹುಡುಗನನ್ನೇ ಎಣಿಸಿಕೊಂಡಿದ್ದೆ. ಎದುರಿಗೆ ಬಂದವರು ತಲೆಗೂದಲು ಪೂರ್ತಿ ಬೆಳ್ಳಗಾದ, ಮೆಲುದನಿಯ ಮನುಷ್ಯ. ಬಸ್ಸುಗಳ ಗಲಾಟೆಯ ನಡುವೆ ಟೀ ಕುಡಿಯುತ್ತಾ ನನ್ನ ಮಾತು ಪೂರ್ತಿ ಕೇಳಿ, ಬೇಡ ಮೇಡಂ ಎಂದರು. ಮಾವನ ಮನೆ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಯಿತು, ಅಮ್ಮ ತೀರಿಕೊಂಡಾಗಲೂ ಅವರು ಬಂದಿದ್ದು ಸ್ಮಶಾನಕ್ಕೆ, ಮನೆಗಲ್ಲ ಎಂದರು. ಆದರೆ ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಇಂಜಿನಿಯರಿಂಗ್ ಓದುವ ಮಗಳಿಗೆ ಆಟದ ವಿಷಯ ಹೇಳಿದರಂತೆ. ನೀನಾ ಅಪ್ಪ, ಎಂದು ಅವಳು ನಕ್ಕಳಂತೆ. ಅದನ್ನು ಹೇಳಿ ತಾವೂ ನಕ್ಕು, ಭಾನುವಾರ ಬರ್ತೀನಿ ಎಂದರು.

ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಮತ್ತು ಒಂದು ಶೀಸೆ ಸ್ಪಿರಿಟ್ ಹಿಡಿದು ಬಂದರು. ಮಾವ ಹಾಸಿಗೆಯಿಂದೆದ್ದು ಕುರ್ಚಿಯಲ್ಲಿ ಕೂತಿದ್ದರು. ಬಾ ಎನ್ನಲಿಲ್ಲ. ಇವರು ಬಾಗಿ ಕಾಲು ಮುಟ್ಟಿದರು. ಹಳೆಯ ಕಂಪ್ಯೂಟರು, ಟೇಪ್ ರೆಕಾರ್ಡರು, ದಪ್ಪ ಟಿವಿ ಎಲ್ಲವೂ ಅದೇ ಮನೆಯ ಅಟ್ಟದ ಮೇಲಿದ್ದವು. ಅಳಿಯನೇ ಇಳಿಸಿ, ಒರೆಸಿ, ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ತೊಳೆದು, ವೈರು ಜೋಡಿಸಿದರು. ಮೊದಲು ಟೇಪಿನ ನಕಲು ಮಾಡಿಕೊಳ್ಳುತ್ತೇನೆ ಎಂದು ನಾನು ಬೇಡಿಕೊಂಡೆ. ಮೊದ್ಲು ಆಟ ಎಂದು ಮಾವ ತಲೆ ಆಡಿಸಿಬಿಟ್ಟರು. ಹಾಗಾದರೆ ವಿಡಿಯೋನಾದರೂ ತೆಗೆಯುತ್ತೇನೆ ಎಂದಾಗ, ತಗೋ, ಸಿನಿಮಾ ಮಾಡು ಎಂದರು. ಟಿವಿ ಕಾಣುವ ಹಾಗೆ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ.

ಪ್ಲೇ ಒತ್ತಿದರು. ಸದ್ದು ಕಂಪ್ಯೂಟರಿನ ಪುಟ್ಟ ಸ್ಪೀಕರಿನಿಂದ ಕೋಣೆಗೆಲ್ಲ ಕೇಳುತ್ತಿತ್ತು. ಪರದೆಯ ಮೇಲೆ ಗೆರೆಗೆರೆಯಾಗಿ ಒಂದು ಚಿತ್ರ ಮೂಡಿತು: ರಸೆಲ್ ಮಾರುಕಟ್ಟೆಯ ಮುಂಬಾಗಿಲು, ಎರಡೇ ಬಣ್ಣದಲ್ಲಿ. ಅಳಿಯ ಉಸಿರು ಬಿಡದೆ ನೋಡುತ್ತಿದ್ದರು. ಚಿತ್ರ ಮುಗಿದು ಆಟ ಒಳಗೆ ಹೋಗಲು ಶುರುವಾದ ಕೂಡಲೇ ಮಾವ ಮಾತು ತೆಗೆದರು.

ಅವರು ಜೋರು ಮಾಡಲಿಲ್ಲ. ಮನೆಯ ವಿಷಯ ಮಾತಾಡುವ ಧಾಟಿಯಲ್ಲೇ ಹೇಳಿದರು. "ನೀನು ಕದ್ದಿರ್ಲಿಲ್ಲ ಕಣೋ. ಜಾಯ್‌ಸ್ಟಿಕ್ ನನ್ನ ಕಾರಲ್ಲೇ ಇತ್ತು. ನಂಗೆ ಆವತ್ತೇ ಗೊತ್ತಿತ್ತು."

ಅಳಿಯ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟಿಗಳು ಓಡುತ್ತಿದ್ದವು.

"ಅಕ್ಕ ಈ ಬಾಗಿಲಲ್ಲೇ ನಿಂತ್ಕೊಂಡಿದ್ಳು. ಮಗ ತಪ್ಪು ಮಾಡಿದ್ದಾನೆ, ಕ್ಷಮಿಸ್ಬಿಡು ಅಂತ ಸೆರಗೊಡ್ಡಿ ಕೇಳಿದ್ಳು. ಅವಳೂ ನಂಬಿಬಿಟ್ಟಿದ್ಳು. ಕಳ್ಳನ ತಾಯಿ ಅಂದ್ಕೊಂಡೇ ಹೋದ್ಳು."

ನಾನು ಸಾಕು ಎಂದೆ. ಅಳಿಯ ನನ್ನ ಕಡೆ ಕೈಯೆತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಆಟ ಅರ್ಧ ಒಳಗೆ ಹೋಗಿತ್ತು. ಈಗ ಎದ್ದರೆ ಮತ್ತೆ ಈ ಟೇಪು ಓಡುತ್ತದೋ ಇಲ್ಲವೋ ಎಂದು ಇಬ್ಬರಿಗೂ ಗೊತ್ತಿತ್ತು. ಅದು ಮಾವನಿಗೂ ಗೊತ್ತಿತ್ತು. ಸದ್ದು ನಿಲ್ಲುವವರೆಗೂ ಅವರು ಬಿಡಲಿಲ್ಲ. ಅಕ್ಕನ ಸೀರೆ, ಅಕ್ಕನ ಅಳು, ಆಮೇಲೆ ನೆಂಟರ ಮದುವೆಗಳಲ್ಲಿ ಅವಳು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದದ್ದು, ಒಂದೊಂದಾಗಿ ಹೇಳಿದರು. ಹೇಳುತ್ತಾ ಹೇಳುತ್ತಾ ಬಾಯಾರಿ ನನ್ನಿಂದ ನೀರು ತರಿಸಿಕೊಂಡರು.

ಸದ್ದು ನಿಂತಿತು. ಕುರಿ ಬಂತು.

ಅದನ್ನು ಹೇಗೆ ಹೇಳಲಿ? ಹೆಬ್ಬೆರಳಿನ ಉಗುರಿನಷ್ಟು ಕುರಿ, ಆದರೆ ಓಡುವಾಗ ಹಿಂಗಾಲು ಎತ್ತಿ ಹಾಕುವುದು ಥೇಟ್ ಮಾರುಕಟ್ಟೆಯ ಕುರಿಯದೇ. ಅಳಿಯನ ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಕಟುಕರ ಕೈಗಳ ಕೆಳಗೆ ನುಸುಳಿ, ಕೊಕ್ಕೆಗಳ ನಡುವೆ ಹಾರಿ, ಹಣ್ಣಿನ ಸಾಲಿಗೆ ಬಂದರು. ಅಲ್ಲಿ ಕಿತ್ತಳೆ ರಾಶಿಯೊಂದು ಕುಸಿದು ಉರುಳುತ್ತದೆ, ತಪ್ಪಿಸಿಕೊಳ್ಳಬೇಕು. ರಾಶಿಯ ಹಿಂದೆ ಟೋಪಿ ಹಾಕಿದ ವ್ಯಾಪಾರಿಯೊಬ್ಬ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನನಗೆ ಅಬ್ಬಾರನ್ನು ನೋಡಿದ ಹಾಗಾಯಿತು. ನಾನು ನಕ್ಕೆ. ಅಳಿಯನೂ ನಕ್ಕರು, ಆ ಕೋಣೆಯಲ್ಲಿ, ಅಷ್ಟೆಲ್ಲ ಕೇಳಿದ ಮೇಲೆ.

ಹೂವಿನ ಸಾಲಿನಲ್ಲಿ ಏನೂ ಇರಲಿಲ್ಲ. ಬಣ್ಣಬಣ್ಣದ ಚೌಕಗಳು, ನಡುವೆ ನಿಂತ ಕುರಿ. ಆಟವನ್ನು ಅಲ್ಲಿಯವರೆಗೆ ಬರೆಯುವಷ್ಟರಲ್ಲಿ ಅವರನ್ನು ಅಂಗಡಿಯಿಂದ ಹೊರಗೆ ಹಾಕಿದ್ದರು.

"ಇಷ್ಟೇನಾ?" ಎಂದರು ಮಾವ.

ಅಳಿಯ ಟೇಪನ್ನು ಹಿಂದಕ್ಕೆ ಸುತ್ತಿ ಅವರ ಕೈಗೇ ಕೊಟ್ಟರು. ಟಿವಿ, ಕಂಪ್ಯೂಟರು, ವೈರು ಎಲ್ಲವನ್ನೂ ಮತ್ತೆ ಜೋಡಿಸಿಟ್ಟು, ಮಾವನ ಮುಖ ನೋಡದೆ ಹೊರಟರು. ನಾನು ಕೈ ಚಾಚಿದೆ. ಸುಸ್ತಾಗಿದೆ, ಮುಂದಿನ ವಾರ ಖಂಡಿತ ಎಂದರು ಮಾವ.

ಮುಂದಿನ ವಾರ ಅವರು ನಿಜವಾಗಿಯೂ ಕೊಟ್ಟರು. ತಗೊಳ್ಳಮ್ಮ, ನಿಂದೇ, ಚೆನ್ನಾಗಿ ಇಟ್ಕೋ ಎಂದು ತಲೆ ಸವರಿದರು. ಕೊಡುವಾಗ ಕಣ್ಣಲ್ಲಿ ನೀರೂ ಇತ್ತು. ಮನೆಗೆ ಬಂದು ಕೈ ತೊಳೆದು, ನಮಾಜಿಗೆ ಕೂತಿದ್ದ ಅಮ್ಮಿ ಏಳುವುದನ್ನೂ ಕಾಯದೆ ಟೇಪು ಹಾಕಿದೆ. ಟೇಪಿನೊಳಗಿಂದ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಬೀದಿಯಲ್ಲಿ ಸೊಪ್ಪು ಮಾರುವವನ ಕೂಗು. ಆಮೇಲೆ ಆ ಮುದುಕರ ಕೆಮ್ಮು, ಟಿವಿಯ ಸುದ್ದಿ, ಮತ್ತೆ ಕೆಮ್ಮು. ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಕ್ಯಾಸೆಟ್ಟನ್ನು ತೆಗೆದು ನೋಡಿದೆ. ಯಾರೂ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡದಿರಲಿ ಎಂದು ಹಿಂದೆ ಅಳಿಯನೇ ಮೂಲೆಯ ಪ್ಲಾಸ್ಟಿಕ್ ಚೂರು ಮುರಿದು ಮಾಡಿದ್ದ ತೂತಿಗೆ, ಮತ್ತೆ ರೆಕಾರ್ಡ್ ಆಗುವ ಹಾಗೆ ಹೊಸ ಸೆಲ್ಲೋಟೇಪು ಅಂಟಿಸಿತ್ತು. ಅಂಚು ನೀಟಾಗಿ ಕತ್ತರಿಸಿತ್ತು.

ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಜೋಗುಪಾಳ್ಯಕ್ಕೆ ಹೋದೆ. ಏಕೆ ಎಂದು ಮಾತ್ರ ಕೇಳಿದೆ. ಅವರು ಸುಳ್ಳು ಹೇಳುತ್ತಾರೆ, ಕೈತಪ್ಪಿ ಆಯಿತು ಎನ್ನುತ್ತಾರೆ ಎಂದುಕೊಂಡಿದ್ದೆ.

"ಅದು ಕೆಟ್ಟದಾಗಿರುತ್ತೆ ಅಂದ್ಕೊಂಡಿದ್ದೆ ಟೀಚರಮ್ಮ," ಎಂದರು. "ನಾನು ಒಂದು ಸಲಾನೂ ಹಾಕಿ ನೋಡಿರ್ಲಿಲ್ಲ. ಆವತ್ತು ನೋಡ್ದೆ. ಚೆನ್ನಾಗಿತ್ತು."

ಅಷ್ಟು ಹೇಳಿ ಪೇಪರ್ ಕಡೆ ಕೈ ತೋರಿಸಿದರು. ಓದಲಿ ಎಂದು. ನಾನು ಎದ್ದು ಬಂದೆ. ಮತ್ತೆ ಹೋಗಿಲ್ಲ.

ಉಳಿದದ್ದು ನನ್ನ ಫೋನಿನ ವಿಡಿಯೋ. ಆಟವೆಂದರೆ ಸದ್ದೇ ಆದ್ದರಿಂದ, ಆ ಸದ್ದು ವಿಡಿಯೋದಲ್ಲೂ ಇತ್ತು. ಅದನ್ನು ಬಿಡಿಸಿ, ಸೋಸಿ, ಮತ್ತೆ ಆಟ ಮಾಡಬಹುದೇ ಎಂದು ಕೂತೆ. ಮೊದಲ ಚಿತ್ರ ಬಂತು, ಅಲ್ಲಲ್ಲಿ ಚುಕ್ಕೆ ಕಿತ್ತುಹೋಗಿದ್ದರೂ ಮಾರುಕಟ್ಟೆಯ ಬಾಗಿಲು ಗುರುತು ಸಿಗುವಷ್ಟು. ಅದರ ನಂತರದ್ದೆಲ್ಲ ಮಾವನ ಮಾತಿನ ಅಡಿಯಲ್ಲಿತ್ತು. ಒಂದೊಂದು ಅಕ್ಷರ ಒಂದಷ್ಟು ಸದ್ದನ್ನು ನುಂಗಿತ್ತು. "ಕಳ್ಳನ ತಾಯಿ" ಎನ್ನುವ ಕಡೆ ಹಣ್ಣಿನ ಸಾಲು ಇದ್ದಿರಬೇಕು ಎಂದು ನನ್ನ ಅಂದಾಜು. ಆ ಮಾತನ್ನು ಹೆಡ್‌ಫೋನ್ ಹಾಕಿಕೊಂಡು ಹಿಂದೆ ಮುಂದೆ ಓಡಿಸಿ, ನಿಧಾನ ಮಾಡಿ, ತುಂಡು ಮಾಡಿ, ಎಷ್ಟು ಸಲ ಕೇಳಿದೆನೋ. ಪಾಠ ಮಾಡುತ್ತಿರುವಾಗ ಬೋರ್ಡಿನ ಮುಂದೆ ನಿಂತಲ್ಲೂ ಅದು ಕೇಳಿಸುತ್ತಿತ್ತು.

ಅಳಿಯನಿಗೆ ಎಲ್ಲ ಹೇಳಿದೆ. ಟೇಪು ಅಳಿಸಿದ್ದನ್ನು ಅವರು ಅಲ್ಲಿಗೇ ಬಿಟ್ಟರು. ನೀನು ಕದ್ದಿರಲಿಲ್ಲ ಎಂದು ಮಾವ ಹೇಳಿದ ಭಾಗವನ್ನಷ್ಟೇ ಕತ್ತರಿಸಿ ಕಳಿಸಲು ಕೇಳಿದರು. ಕಳಿಸಿದೆ. ಅದನ್ನು ಅವರು ನೆಂಟರೆಲ್ಲ ಇರುವ ಮೊಬೈಲ್ ಗ್ರೂಪಿಗೆ ಹಾಕಿದರು. ಚಿಕ್ಕಮ್ಮಂದಿರು, ಅವರ ಮಕ್ಕಳು, ಸೊಸೆಯಂದಿರು ಎಲ್ಲರೂ ಇದ್ದ ಗ್ರೂಪು. ಇಡೀ ದಿನ ಯಾರೂ ಮಾತಾಡಲಿಲ್ಲ. ಸಂಜೆ ಒಬ್ಬ ಚಿಕ್ಕಮ್ಮ, ವಯಸ್ಸಾದವರ ಮಾತನ್ನು ಕದ್ದು ರೆಕಾರ್ಡ್ ಮಾಡೋದು ಯಾವ ಸಂಸ್ಕಾರ ಎಂದು ಬರೆದರು. ಅದಕ್ಕೆ ನಾಲ್ಕೈದು ಜನ ಕೈಮುಗಿದ ಚಿತ್ರ ಒತ್ತಿದರು. ಬೆಳಿಗ್ಗೆ ಯಾರೋ ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಹಾಕಿದರು. ಅಲ್ಲಿಗೆ ಮುಗಿಯಿತು.

"ಕದ್ದು ಅಂದ್ರು ನೋಡಿ ಮೇಡಂ," ಎಂದರು ಅಳಿಯ ಫೋನಿನಲ್ಲಿ. ಮಗಳಿಗೆ ವಿಡಿಯೋ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದರಂತೆ, ಸದ್ದು ಬಂದ್ ಮಾಡಿ.

ನನ್ನ ಹಾಗೇ ಹಳೆಯ ಆಟಗಳ ಹಿಂದೆ ಬಿದ್ದವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಆ ಧ್ವನಿಯನ್ನು ಇದ್ದಂತೆ ಇಂಟರ್ನೆಟ್ಟಿಗೆ ಹಾಕು, ನಿನ್ನಿಂದ ಆಗದ್ದು ಇನ್ನೊಬ್ಬರಿಂದ ಆಗಬಹುದು ಎಂದು ಒತ್ತಾಯ ಮಾಡುತ್ತಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ. ಮೇಲೆ ಕೇಳುವುದು ಬರೀ ಗೊರಗೊರ ಎಂದು ತಿಳಿದಿದ್ದಾರೆ. ಅವರು ಹೇಳುವುದು ಸರಿ. ಅದರೊಳಗಿನಿಂದ ಆಟವನ್ನು ಪೂರ್ತಿ ಎತ್ತಬಲ್ಲವರು ಒಬ್ಬಿಬ್ಬರು ಖಂಡಿತ ಇದ್ದಾರೆ. ನಾನು ಮತ್ತೆ ಟಿನ್ ಫ್ಯಾಕ್ಟರಿಗೆ ಹೋಗಿ ಅಳಿಯನ ಅನುಮತಿ ಕೇಳಿದೆ. ಅವರು ಏಣಿಯ ಮೇಲೆ ನಿಂತು ಒಂದು ಬೇಕರಿಗೆ ಕ್ಯಾಮೆರಾ ಕೂರಿಸುತ್ತಿದ್ದರು. ಇಳಿದು ಬಂದು, ಕೈ ಒರೆಸಿಕೊಂಡರು.

"ಅದರಲ್ಲಿ ಅಮ್ಮ ಇದ್ದಾಳೆ ಮೇಡಂ. ಊರೆಲ್ಲ ಕೇಳೋದು ಬೇಡ. ನಾನು ಸತ್ಮೇಲೆ ಹಾಕಿ."

ಮಾವ ಸತ್ತ ಮೇಲೆ ಹಾಕಬಹುದೇ ಎಂದು ಕೇಳಿದೆ. ಇಲ್ಲ, ನಾನು ಸತ್ಮೇಲೆ ಎಂದು ಮತ್ತೆ ಹೇಳಿ ಏಣಿ ಹತ್ತಿದರು.

ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು. ಸಕ್ಕರೆ ಕಾಯಿಲೆ ಇದೆ, ಮಾತ್ರೆ ಸರಿಯಾಗಿ ತಗೊಳ್ಳಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಧ್ವನಿಯ ಫೈಲನ್ನು ಮೂರು ಕಡೆ ನಕಲು ಮಾಡಿ ಜೋಪಾನವಾಗಿ ಇಟ್ಟಿದ್ದೇನೆ. ಆಗಾಗ ಫೋನು ಮಾಡಿ ಆರೋಗ್ಯ ಹೇಗಿದೆ ಎಂದು ವಿಚಾರಿಸುತ್ತೇನೆ. ಏಕೆ ವಿಚಾರಿಸುತ್ತೇನೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಚೆನ್ನಾಗಿದೀನಿ ಮೇಡಂ ಎನ್ನುತ್ತಾರೆ.