ಹುಳುಮನೆಯಲ್ಲಿಟ್ಟ ಲ್ಯಾಪ್‌ಟಾಪ್

ಸರ್ಕಾರ ನಮಗೆ ಕೊಟ್ಟ ಲ್ಯಾಪ್‌ಟಾಪ್‌ಗಳ ದೋಷಕ್ಕೆ ಬೆಲೆ ತೆತ್ತವರು ಅವನ್ನು ಆರಿಸಿದವರಲ್ಲ, ಕೊಂಡವರೂ ಅಲ್ಲ. ಕಾಲೇಜಿನ ಹುಡುಗಿಯರಾದ ನಾವು ತೆತ್ತೆವು. ನಮಗಿಂತ ಹೆಚ್ಚಾಗಿ, ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ ತೆತ್ತರು. ಕೆಲಸದ ಜೊತೆಗೆ ಒಳ್ಳೆಯ ಹೆಸರನ್ನೂ ಕಳೆದುಕೊಂಡರು.

ಕಳೆದ ವಾರ ಹೊಂಗನೂರಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಆ ಲ್ಯಾಪ್‌ಟಾಪಿನ ಚೀಲ ಸಿಕ್ಕಿತು. ಜಿಪ್ಪು ಎಳೆದೊಡನೆ ಒದ್ದೆ ಗೋಣಿತಾಟಿನ, ಬಾಡಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ… ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಚನ್ನಪಟ್ಟಣದ ಕಾಲೇಜಿನಲ್ಲಿ ಅದನ್ನು ಹಂಚಿದ ದಿನ ಚೀಲದೊಳಗೆ ಒಂದು ಡಿಸ್ಕೂ ಇತ್ತು. ಆಪರೇಟಿಂಗ್ ಸಿಸ್ಟಂ ಕೆಟ್ಟರೆ ಮತ್ತೆ ಹಾಕಿಕೊಳ್ಳಲೆಂದು ಕೊಟ್ಟದ್ದು. ಆದರೆ ಆ ಲ್ಯಾಪ್‌ಟಾಪಿಗೆ ಡಿಸ್ಕ್ ಡ್ರೈವೇ ಇರಲಿಲ್ಲ. ಹೀಗೆ ಕೊಂಡದ್ದು ತಪ್ಪು. ಗೊತ್ತುಮಾಡಿದ ದುರಸ್ತಿಯವರ ಹೊರತು ಯಾರೂ ಮುಟ್ಟಕೂಡದೆಂಬ ನಿಯಮ ಮಾಡಿ, ಆ ದುರಸ್ತಿಯವರನ್ನು ಒಮ್ಮೆಯೂ ನಮ್ಮತ್ತ ಕಳಿಸದೆ ಹೋದದ್ದು ಇನ್ನೂ ದೊಡ್ಡ ತಪ್ಪು.

"ಹುಳುಮನೇಲಿ ಮಡಗವ್ವ. ಇಲಿ ಬರಾಕಿಲ್ಲ, ತಣ್ಣಗೂ ಇರ್ತದೆ" ಎಂದಿದ್ದರು ನನ್ನ ಅಜ್ಜಿ. ರೇಷ್ಮೆ ಸಾಕುವವರಿಗೆ ಹುಳುಮನೆಗಿಂತ ಜೋಪಾನದ ಜಾಗವಿಲ್ಲ. ಬೇಸಿಗೆಯಲ್ಲಿ ಅದರ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತೇವೆ. ಹುಳಕ್ಕೆ ಹಿತವಾದ ಆ ತೇವ ಯಂತ್ರಕ್ಕೆ ಹಿತವಾಗಲಿಲ್ಲ… ಅಂತಿಮ ವರ್ಷದ ಪ್ರಾಜೆಕ್ಟನ್ನು ಪರೀಕ್ಷಕರಿಗೆ ತೋರಿಸಬೇಕಾದ ಹಿಂದಿನ ದಿನ ಪರದೆ ಕಪ್ಪಾಗಿ, ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲವೆಂಬ ಸಾಲೊಂದೇ ಉಳಿಯಿತು. ಪ್ರಾಜೆಕ್ಟಿನ ಪ್ರತಿ ಬೇರೆಡೆ ಇತ್ತು. ಆದರೆ ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಅದು ತೆರೆಯುತ್ತಿರಲಿಲ್ಲ.

ಎಲ್ಲಿಟ್ಟಿದ್ದೆ ಎಂದು ಪ್ರಾಂಶುಪಾಲರು ಕೇಳಿದರು. ಇದ್ದದ್ದನ್ನು ಹೇಳಿದೆ.

"ಹುಳದ ಜೊತೆ ಮಲಗಿಸಿದ್ದೀಯ. ಸೊಪ್ಪು ಹಾಕಿದ್ಯೋ ಇಲ್ವೋ? ಹೋಗಮ್ಮ, ಮುಂದಿನ ವರ್ಷ ಬಾ."

"ಅವರ ಮನೇಲಿ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಸಾರ್" ಎಂದರು ನಮ್ಮ ಕಂಪ್ಯೂಟರ್ ಮೇಡಂ. ಕನಕಪುರದಾಚೆಯ ಕೋಡಿಹಳ್ಳಿಯ ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರು. ಅವರು ನನ್ನನ್ನು ಲ್ಯಾಬಿಗೆ ಕರೆದೊಯ್ದರು.

ಅಲ್ಲಿನ ಹಳೆಯ ಕಂಪ್ಯೂಟರಿಗೆ ಡಿಸ್ಕ್ ಡ್ರೈವ್ ಇತ್ತು. ಆತುರದಲ್ಲಿ ನಾನೇ ಡಿಸ್ಕಿನಲ್ಲಿದ್ದುದನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಅದು ಅಲುಗಲಿಲ್ಲ.

"ಸೊಪ್ಪು ತಂದು ಬಾಗ್ಲಲ್ಲಿ ಸುರುದ್ರೆ ಹುಳ ಎದ್ದು ಬಂದು ತಿಂತದೇನೇ?" ಎಂದು ಮೇಡಂ ನಕ್ಕರು. ಯಂತ್ರ ಚಾಲೂ ಆಗುವಾಗಲೇ ಓದಿಕೊಳ್ಳುವ ಹಾಗೆ ಪೆನ್‌ಡ್ರೈವನ್ನು ಹೊಸದಾಗಿ ಸಿದ್ಧಪಡಿಸಿದರು. ಲ್ಯಾಪ್‌ಟಾಪಿನ ಗುಂಡಿ ಒತ್ತಿದೊಡನೆ ಇನ್ನೊಂದು ಕೀಲಿಯನ್ನೂ ಒತ್ತಿ, ಪೆನ್‌ಡ್ರೈವಿನಿಂದಲೇ ಶುರುವಾಗುವಂತೆ ಮಾಡಿದರು. ಪರದೆಯ ಪಟ್ಟಿ ಅರ್ಧದವರೆಗೆ ತುಂಬಿ ನಿಂತುಬಿಟ್ಟಿತು. ಆರಿಸಿಬಿಡಲು ಕೈ ಚಾಚಿದೆ.

"ಕೈ ತೆಗಿ. ಜ್ವರಕ್ಕೆ ಕೂತೈತೆ."

ಪೊರೆ ಕಳಚುವ ಮುನ್ನ ಹುಳ ತಿನ್ನದೆ, ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟುವುದಿಲ್ಲ.

"ಎಷ್ಟು ಹೊತ್ತು ಮೇಡಂ?"

"ಎದ್ದಾಗ ಎದ್ದೇಳ್ತದೆ. ಆಚೆ ಹೋಗಿ ಒಸಿ ಓಡಾಡು. ನೀನು ಇಲ್ಲೇ ನಿಂತ್ರೆ ನಂಗೂ ಜ್ವರ ಬತ್ತದೆ."

ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ, ಕಿಟಕಿಯಲ್ಲಿ ಇಣುಕಿದೆ, ಮತ್ತೆ ನಡೆದೆ… ಕೊನೆಗೆ ಅವರೇ ಕರೆದರು. ಲ್ಯಾಪ್‌ಟಾಪ್ ಎದ್ದಿತ್ತು. ಮರುದಿನ ಪ್ರಾಜೆಕ್ಟ್ ತೋರಿಸಿದೆ, ತೇರ್ಗಡೆಯಾದೆ.

ಮುಂದಿನ ವರ್ಷ ಕಾಲೇಜಿನವರು ಮೇಡಂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಅನುಭವ ಪತ್ರದಲ್ಲಿ 'ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತಿಗೆ ಕೈಹಾಕಿದ್ದಾರೆ' ಎಂಬ ಷರಾ ಸೇರಿಸಿದರು. ವಿಚಾರಣೆ ನಡೆಸಲಿಲ್ಲ, ನನ್ನನ್ನು ಕೇಳಲಿಲ್ಲ, ಅವರನ್ನೂ ಕೇಳಲಿಲ್ಲ. ಅದನ್ನು ಓದಿದ ಕನಕಪುರದ ಕಾಲೇಜಿನವರೂ ಮಾಗಡಿಯ ಕಾಲೇಜಿನವರೂ ಅವರನ್ನು ಬಾಗಿಲಿನಿಂದಲೇ ಕಳಿಸಿದರು. ಒಮ್ಮೆ ರಾಮನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ "ಲ್ಯಾಪ್‌ಟಾಪ್ ಓಡ್ತಾ ಐತಾ?" ಎಂದಷ್ಟೇ ಕೇಳಿದರು. ಷರಾದ ವಿಷಯ ಎತ್ತಲಿಲ್ಲ…

ಚೀಲ ಸಿಕ್ಕ ಮರುದಿನ ಕೋಡಿಹಳ್ಳಿಗೆ ಹೋದೆ. ಮೇಡಂ ಕಾಯಿಲೆಯಿಂದ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ತಾಯಿ ನೀರು ಕೊಟ್ಟು, ನಾನು ಕುಡಿಯುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳಿದರು: "ನನ್ ಮಗ್ಳು ಆ ಕಾಲೇಜಲ್ಲಿ ಏನ್ ಕದ್ದಿದ್ಲವ್ವ?"

ನಾನು ಎಷ್ಟು ಹೇಳಿದರೂ ಆಕೆ ಪೂರ್ತಿ ನಂಬಲಿಲ್ಲ. ಸುಮ್ಮನೆ ಯಾರಾದರೂ ಕೆಲಸದಿಂದ ತೆಗೆಯುತ್ತಾರೆಯೇ ಎಂದರು.

ಆದ್ದರಿಂದ ಆ ಷರಾ ಬರೆದವರೇ, ಅದಕ್ಕೆ ಸಹಿ ಹಾಕಿದವರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಷರಾವನ್ನು ಹಿಂತೆಗೆದುಕೊಳ್ಳಿ. ನಿಮ್ಮ ಉಪನ್ಯಾಸಕಿ ಏನನ್ನೂ ಕದಿಯಲಿಲ್ಲ, ಏನನ್ನೂ ಕೆಡಿಸಲಿಲ್ಲ ಎಂದು ಬರೆದು ಮೊಹರು ಹಾಕಿ. ಅದನ್ನು ಅಂಚೆಯಲ್ಲಿ ಕಳಿಸಬೇಡಿ; ಆ ತಾಯಿಗೆ ಓದಲು ಬರುವುದಿಲ್ಲ. ನೀವೇ ಕೋಡಿಹಳ್ಳಿಗೆ ಹೋಗಿ, ಆಕೆಯ ಜಗಲಿಯಲ್ಲಿ ನಿಂತು, ಅಕ್ಕಪಕ್ಕದ ಮನೆಯವರಿಗೂ ಕೇಳುವಂತೆ ಓದಿ.